ಒಮಾನ್‌ಗೆ ಹೊರಡುವ ಮೊದಲು ತಾಲೀಮು

ಪರದೇಶದಲ್ಲಿ ನಾವು ನೆಲೆಸಿರುವ ಜೆರಿಕೋ ಎಂಬ ಊರಿನಲ್ಲಿ ನಮ್ಮ ಪಕ್ಕದ ಮನೆಯ ಕನ್ನಡಿಗ ಅಂಕಲ್ ಮದುವೆಗೆ ಮುಂಚೆ ಮಸ್ಕತ್‌ನಲ್ಲಿ ಎಂಜಿನಿಯರ್ ಆಗಿದ್ದವರು. ನಾನು ಒಮಾನ್ ನೋಡಲು ಹೊರಟಿದ್ದೇನೆಂದು ತಿಳಿದದ್ದೇ ಶನಿವಾರಗಳಂದು ಪಾಠ ಶುರುಮಾಡಿದರು. "ಓದಿದ್ರ ಬರೂದಿಲ್ಲ, ಮಾಡಿ ನೋಡಬೇಕು" ಎನ್ನುತ್ತಿದ್ದರು. ನನ್ನ ಡೈರಿಯ ಪ್ರಕಾರ ಮೊದಲ ಶನಿವಾರ ಬಾಗಿಲಲ್ಲಿ ಬೂಟು ಬಿಚ್ಚುವುದು, ಎರಡನೆಯ ಶನಿವಾರ ಬಲಗೈಯಲ್ಲಿ ಊಟ ಮಾಡುವುದು. ಹುಟ್ಟಿದಾಗಿನಿಂದ ಮಾಡುತ್ತಿದ್ದೇನೆ ಎಂದರೂ ಎರಡರಲ್ಲೂ ಪರೀಕ್ಷೆ ಮಾಡಿದರು.

ಹೊರಡುವ ದಿನ ಕಾಫಿಯ ಪಾಠ. ಅಲ್ಲಿ ಅತಿಥಿ ಖಾಲಿ ಕಪ್ಪನ್ನು ಅಲ್ಲಾಡಿಸಿದರೆ ಸಾಕು ಎಂದರ್ಥ. ಅಲ್ಲಾಡಿಸದಿದ್ದರೆ ಮನೆಯವರು ಸುರಿಯುತ್ತಲೇ ಇರುತ್ತಾರೆ. ಅಲ್ಲಿಯವರಂತೆ ಬಿಳಿ ನಿಲುವಂಗಿ ತೊಟ್ಟು ಅಂಕಲ್ ಸುರಿದರು. ನಾನು ಕುಡಿದು ಅಲ್ಲಾಡಿಸಿದೆ. ಅವರು ಸಂತೋಷದಿಂದ ನಿಲ್ಲಿಸಿದರು. ಅಷ್ಟರಲ್ಲಿ ಆಂಟಿ ಅಡುಗೆಮನೆಯಿಂದ ಬಂದು ಕಪ್ ತುಂಬಿಸಿದರು. ಅದನ್ನೂ ಕುಡಿದು ಅಲ್ಲಾಡಿಸಿದೆ.

"ಕೈ ನಡಗ್ಲಿಕ್ಕತ್ತದ. ಹುಡುಗಗ ಹಸಿವಾಗೇದ" ಎಂದು ಆಂಟಿ ಉಪ್ಪಿಟ್ಟು ತಂದರು.

"ಆಂಟಿ, ಏರ್‌ಪೋರ್ಟ್ ಟ್ಯಾಕ್ಸಿ ಬಂದಿದೆ. ಫ್ಲೈಟ್ ಮಿಸ್ ಆಗುತ್ತೆ. ಸಾಕು."

"ಅಂವ ಸಾಕು ಅನ್ಲಿಕ್ಕತ್ತಾನ" ಎಂದರು ಅಂಕಲ್.

"ಸುಮ್ಮನಿರ್ರಿ ನೀವು. ಸಾಕು ಅಂದ್ರ ಯಾರರೆ ಬಿಡ್ತಾರೇನು?"

ಹೊರಗೆ ಟ್ಯಾಕ್ಸಿ ಹಾರ್ನ್ ಹೊಡೆಯಿತು. ಆಂಟಿ ಕಾಫಿ ಬಿಸಿ ಮಾಡಲು ಒಳಗೆ ಹೋದರು. ಅಂಕಲ್ ನನ್ನ ರಟ್ಟೆ ಹಿಡಿದು ಎಬ್ಬಿಸಿದರು. "ನೀ ಓಡು. ನಿನ್ನ ಜಾಗಾದಾಗ ನಾ ಕೂಡ್ತೀನಿ."

ಸೂಟ್‌ಕೇಸ್ ಎಳೆದುಕೊಂಡು ಬಾಗಿಲು ದಾಟುವಾಗ ತಿರುಗಿ ನೋಡಿದೆ. ನಿಲುವಂಗಿಯ ಅಂಕಲ್ ಕಪ್ ಅಲ್ಲಾಡಿಸುತ್ತಿದ್ದರು. ಆಂಟಿ ಅವರ ತಟ್ಟೆಗೆ ಇನ್ನೊಂದು ಸೌಟು ಉಪ್ಪಿಟ್ಟು ಬಡಿಸುತ್ತಿದ್ದರು.