ದೀಪ ದೊಡ್ಡದು ಮಾಡಿದ ದಾಕ್ಷಾಯಣಮ್ಮ

ಚಾಮರಾಜಪೇಟೆಯ ವಠಾರದ ದಾಕ್ಷಾಯಣಮ್ಮನವರ ಬಾಯಿಗೆ ಕೆಲವು ಮಾತುಗಳು ಬರುತ್ತಲೇ ಇರಲಿಲ್ಲ. ಮನೆಯಲ್ಲಿ ಅಕ್ಕಿ ಮುಗಿದರೆ ‘ಅಕ್ಕಿ ಹೆಚ್ಚಿದೆ’ ಎನ್ನುವರು. ಸೊಸೆಯ ಬಳೆ ಒಡೆದರೆ ಅದೂ ಹೆಚ್ಚಿತು. ಯಾರಾದರೂ ‘ಹೋಗ್ತೀನಿ’ ಎಂದು ಹೊರಟರೆ, ‘ಬರ್ತೀನಿ’ ಅನ್ನಿಸಿಯೇ ಹೊಸಲು ದಾಟಿಸುವರು. ದೀಪವನ್ನಂತೂ ಅವರು ಹುಟ್ಟಿದಾರಭ್ಯ ಆರಿಸಿದವರಲ್ಲ. ಆರಿಸಬೇಕಾದಾಗಲೆಲ್ಲ ‘ದೊಡ್ಡದು’ ಮಾಡಿದವರು. ನಮ್ಮ ಕಡೆ ಹೆಂಗಸರೆಲ್ಲ ಹೀಗೇ ಅನ್ನಿ, ಆದರೆ ಇವರದು ಒಂದು ಕೈ ಮೇಲು. “ಬಾಯಿಗೆ ಬಂದದ್ದು ಬಾಗಿಲಿಗೂ ಬರುತ್ತೆ ಕಣೇ” ಎಂದು ಸೊಸೆ ಮಹಾನಂದಳಿಗೆ ದಿನಕ್ಕೊಂದು ಸಲವಾದರೂ ಹೇಳುವರು.

ಗಂಡ ತೀರಿಕೊಂಡ ಮೇಲೆ ಹಪ್ಪಳ, ಸಂಡಿಗೆ ಮಾಡಿ ಬಳೇಪೇಟೆಯ ಅಂಗಡಿಗಳಿಗೆ ಹಾಕಿ ಒಬ್ಬನೇ ಮಗ ಶಿವರುದ್ರನನ್ನು ಬೆಳೆಸಿದ ಗಟ್ಟಿಗಿತ್ತಿ ಆಕೆ. ಬೆಳೆದ ಮಗ ಲಾರಿ ಓಡಿಸುವುದು ಕಲಿತ, ಯುದ್ಧ ಬಂತು, ಮಿಲಿಟರಿಯವರು ಅವನನ್ನು ಬರ್ಮಾಕ್ಕೆ ಕಳಿಸಿದರು. ಸಾವಿರದ ಒಂಬೈನೂರ ನಲವತ್ತೆರಡರ ಬೇಸಿಗೆಗೆ ಬರ್ಮಾ ಜಪಾನಿಯರ ಪಾಲಾಯಿತು. ಮಗನ ಕಾಗದಗಳು ನಿಂತುಹೋದವು. ವಠಾರದವರು ಒಳಗೊಳಗೇ ಏನೇನೋ ಅಂದುಕೊಂಡರು. ದಾಕ್ಷಾಯಣಮ್ಮ ಮಾತ್ರ ನಡುಮನೆಯ ದೇವರ ಗೂಡಿನಲ್ಲಿ ನಂದಾದೀಪ ಹಚ್ಚಿಟ್ಟು, “ಮಗ ಮನೆಗೆ ಬರೋವರೆಗೂ ಇದು ಹೀಗೇ ಉರೀಲಿ ತಂದೇ” ಎಂದು ಹರಕೆ ಹೊತ್ತರು. ಎಣ್ಣೆ ಸಿಗದ ಕಾಲ. ಒಗ್ಗರಣೆಗೆ ಎಣ್ಣೆಯಿಲ್ಲದಿದ್ದರೂ ದೀಪಕ್ಕೆ ಇತ್ತು.

ಆ ಹೊತ್ತಿಗೇ ಊರಿಗೆ ಬ್ಲಾಕೌಟ್ ಬಂತು. ಸಂಜೆ ಸೈರನ್ ಕೂಗಿದರೆ ಒಂದು ಮನೆಯಿಂದಲೂ ಬೆಳಕು ಹೊರಗೆ ಕಾಣಕೂಡದು. ಬೀದಿಯ ಉಸ್ತುವಾರಿಗೆ ಬಂದ ವಾರ್ಡನ್ನು ದೊರೆಸ್ವಾಮಿ ಎಂಬ ಯುವಕ. ದಂಡು ಪ್ರದೇಶದಲ್ಲಿ ಹುಟ್ಟಿ ಬೆಳೆದ ತಮಿಳಿನವನು, ಕನ್ನಡವನ್ನು ಸ್ಕೂಲಿನಲ್ಲಿ ಪಾಠದ ಹಾಗೆ ಕಲಿತವನು. ತಲೆಗೆ ಕಬ್ಬಿಣದ ಟೋಪಿ, ಕೊರಳಿಗೆ ಪೀಪಿ. ಯುದ್ಧವನ್ನೆಲ್ಲ ತಾನೊಬ್ಬನೇ ಗೆಲ್ಲಬೇಕು ಅನ್ನುವ ಹುರುಪು.

ಮೊದಲ ದಿನದ ಸೈರನ್ ಕೂಗಿತು. ದೊರೆಸ್ವಾಮಿ ಗೋಡೆಯ ಪಕ್ಕದಲ್ಲಿ ಹೆಜ್ಜೆ ಹಾಕುತ್ತಿದ್ದ. ಒಳಗಿನಿಂದ ದಾಕ್ಷಾಯಣಮ್ಮನವರ ದನಿ ಕೇಳಿಸಿತು.

“ಮಹಾನಂದಾ, ಬೇಗ ದೀಪ ದೊಡ್ಡದು ಮಾಡೇ!”

ದೊರೆಸ್ವಾಮಿಯ ಕಿವಿ ನೆಟ್ಟಗಾಯಿತು. ಊರಿಗೆ ಊರೇ ಕತ್ತಲಾಗುತ್ತಿರುವಾಗ ಇಲ್ಲೊಬ್ಬಾಕೆ ದೀಪ ದೊಡ್ಡದು ಮಾಡಿಸುತ್ತಿದ್ದಾಳೆ! ಪೀಪಿ ಊದುತ್ತಾ ಹಿತ್ತಲ ಬಾಗಿಲಿಂದ ಅಡಿಗೆಮನೆಗೆ ನುಗ್ಗಿ, ಕತ್ತಲಲ್ಲಿ ಒರಳುಕಲ್ಲನ್ನು ಎಡವಿ, ಒಂದೇ ಕಾಲಲ್ಲಿ ಕುಣಿಯುತ್ತಾ ಅಬ್ಬರಿಸಿದ.

“ಯಾರದು ದೀಪ ದೊಡ್ಡದು ಮಾಡಿಸ್ತಿರೋದು? ಜಪಾನಿಯವರಿಗೆ ದಾರಿ ತೋರಿಸ್ತೀರಾ?”

“ದೊಡ್ಡದು ಮಾಡಾಯ್ತಲ್ಲ ಸ್ವಾಮಿ,” ಅಂದಳು ಮಹಾನಂದ. “ನೋಡಿ, ಎಷ್ಟು ಕತ್ತಲೆ ಇದೆ!”

ದೊರೆಸ್ವಾಮಿಗೆ ತಲೆಬುಡ ತಿಳಿಯಲಿಲ್ಲ. ಪಕ್ಕದ ಮನೆಯ ಅಂಬುಜಮ್ಮ ಸೆರಗು ಬಾಯಿಗಿಟ್ಟುಕೊಂಡು ನಗುತ್ತಾ ಬಂದು, ನಮ್ಮಲ್ಲಿ ದೊಡ್ಡದು ಮಾಡುವುದೆಂದರೆ ಏನು ಎಂದು ಬಿಡಿಸಿ ಹೇಳಿದಳು. ಅವನು ನಾಚಿಕೊಂಡ. ತಿರುಗುವಷ್ಟರಲ್ಲಿ ಬಾಗಿಲಾಚೆ ನಡುಮನೆಯ ಗೂಡಿನ ದೀಪ ಕಣ್ಣಿಗೆ ಬಿತ್ತು. ಅದರ ಬೆಳಕು ನೇರ ಬೀದಿಯ ಕಿಟಕಿಗೆ ಬಡಿಯುತ್ತಿತ್ತು.

“ಅದೇನು? ಅದನ್ನೂ ಆರಿಸಿ.”

ದಾಕ್ಷಾಯಣಮ್ಮ ಗೂಡಿಗೆ ಅಡ್ಡ ನಿಂತರು. ಅಷ್ಟು ಹೊತ್ತು ನಗುತ್ತಿದ್ದ ಮುಖ ಬಿಳಿಚಿಕೊಂಡಿತ್ತು. “ಆ ಮಾತು ಆಡ್ಬೇಡಿ. ಅದು ನನ್ನ ಮಗನ ದೀಪ. ಬರ್ಮಾದಲ್ಲಿದಾನೆ. ಅವನು ಬರೋವರೆಗೂ ಇದನ್ನ ದೊಡ್ಡದೂ ಮಾಡಲ್ಲ, ಚಿಕ್ಕದೂ ಮಾಡಲ್ಲ. ಬೇಕಾದ್ರೆ ನನ್ನನ್ನ ಠಾಣೆಗೆ ಕರ್ಕೊಂಡು ಹೋಗಿ.”

ದೊರೆಸ್ವಾಮಿ ಕೈಯಲ್ಲಿದ್ದ ಪೀಪಿ ಕೆಳಗೆ ಬಿಟ್ಟ. ಅವನಿಗೆ ತನ್ನ ತಾಯಿ ನೆನಪಾಗಿದ್ದಳು.

“ನಮ್ಮಮ್ಮನೂ ಆರಿಸು ಅನ್ನಲ್ಲ,” ಅಂದ ಮೆಲ್ಲಗೆ. “ದೀಪ ತಣ್ಣಗೆ ಮಾಡು ಅಂತಾರೆ. ನಾನೇ ಮರ್ತುಬಿಟ್ಟಿದ್ದೆ.”

ತಲೆಯ ಟೋಪಿ ತೆಗೆದ. ಗಾಳಿಯಾಡಲು ಮೇಲೆ ಸ್ವಲ್ಪ ಸಂದು ಬಿಟ್ಟು, ಗೂಡಿನ ಬಾಯಿಗೆ ಅದನ್ನು ಒರಗಿಸಿದ. ಹೊರಗೆ ಹೋಗಿ ನೋಡಿ ಬಂದ. ಬೆಳಕಿನ ಚೂರೂ ಕಾಣುತ್ತಿರಲಿಲ್ಲ. ಬರ್ತೀನಮ್ಮ ಎಂದು ಹೇಳಿ ಬರಿದಲೆಯಲ್ಲಿ ಹೊರಟುಹೋದ. ‘ಹೋಗ್ತೀನಿ’ ಅನ್ನಲಿಲ್ಲವೆಂದು ದಾಕ್ಷಾಯಣಮ್ಮನವರಿಗೆ ಅವನ ಮೇಲೆ ಅಂದೇ ಅಕ್ಕರೆ ಹುಟ್ಟಿತು.

ಆಮೇಲೆ ಸೈರನ್ ಕೂಗಿದಾಗಲೆಲ್ಲ ಅವನು ಮೊದಲು ಬರುತ್ತಿದ್ದದ್ದು ಇದೇ ಮನೆಗೆ. ಟೋಪಿ ಗೂಡಿಗೆ ಒರಗಿಸಿ, ಕೊಟ್ಟ ಹಪ್ಪಳ ಜೇಬಿಗಿಟ್ಟುಕೊಂಡು ಬೀದಿ ಸುತ್ತುವನು. ಬರಿದಲೆಯ ವಾರ್ಡನ್ನು ಎಂದು ಪೇಟೆಯವರೆಲ್ಲ ನಗುತ್ತಿದ್ದರು. ಬಾಂಬೇನಾದರೂ ಬಿದ್ದಿದ್ದರೆ ಚಾಮರಾಜಪೇಟೆಯಲ್ಲಿ ಭದ್ರವಾಗಿ ಉಳಿಯುತ್ತಿದ್ದದ್ದು ಆ ದೀಪವೊಂದೇ.

ಶ್ರಾವಣ ಕಳೆಯಿತು, ದಸರಾ ಕಳೆಯಿತು. ದಾಕ್ಷಾಯಣಮ್ಮ ನಗುವುದನ್ನು ಬಿಡಲಿಲ್ಲ. ಆದರೆ ಬತ್ತಿ ಸರಿಮಾಡುವ ನೆಪದಲ್ಲಿ ರಾತ್ರಿ ನಾಲ್ಕಾರು ಸಲ ಎದ್ದು ದೀಪ ನೋಡುವುದನ್ನು ಮಹಾನಂದ ಕಂಡಿದ್ದಳು.

ಕಾರ್ತಿಕದ ಒಂದು ಬೆಳಗ್ಗೆ ವಠಾರದ ಬಾಗಿಲಲ್ಲಿ ಒಬ್ಬ ಗಡ್ಡದವನು ಬಂದು ನಿಂತ. ಒಣಗಿ ಕಡ್ಡಿಯಾಗಿದ್ದ. ಭಿಕ್ಷೆಯವನೆಂದು ಅಂಬುಜಮ್ಮ ರಾಗಿ ಹಿಟ್ಟು ತರಲು ಒಳಗೆ ಹೋದಳು. ಮಹಾನಂದ ಮಾತ್ರ ಕೊಡ ಕೆಳಗೆ ಹಾಕಿ ಓಡಿದಳು. ಶಿವರುದ್ರ ಬರ್ಮಾದ ಕಾಡನ್ನು ನಡೆದೇ ದಾಟಿ, ಅಸ್ಸಾಮಿನ ಆಸ್ಪತ್ರೆಯಲ್ಲಿ ಜ್ವರದಲ್ಲಿ ಮಲಗಿದ್ದು ಎದ್ದು ಬಂದಿದ್ದ. ತಾಯಿ ಅವನ ಮುಖ, ಕೈ, ಕಾಲು ಎಲ್ಲ ಮುಟ್ಟಿ ಮುಟ್ಟಿ ನೋಡಿದರು. ಇಡೀ ವಠಾರ ಅತ್ತಿತು, ನಕ್ಕಿತು, ಮತ್ತೆ ಅತ್ತಿತು. ಸುದ್ದಿ ಕೇಳಿ ದೊರೆಸ್ವಾಮಿಯೂ ಓಡಿ ಬಂದ.

ಈ ಗದ್ದಲದಲ್ಲಿ ಶಿವರುದ್ರ ಗೂಡಿನ ಕಡೆ ನೋಡಿದ. ಪಾಪ, ಅವನಿಗೇನು ಗೊತ್ತು?

“ಇದೇನಮ್ಮ, ಹಗಲು ಹೊತ್ತಲ್ಲಿ ದೀಪ? ಎಣ್ಣೆ ದಂಡ. ಆರಿ—”

ಹೇಳಿ ಮುಗಿಸುವ ಮೊದಲೇ ದೊರೆಸ್ವಾಮಿ ಹಾರಿ ಬಂದು ಅವನ ಬಾಯಿ ಮುಚ್ಚಿದ.

“ದೊಡ್ಡದು ಮಾಡು ಅನ್ನಪ್ಪಾ! ದೊಡ್ಡದು ಮಾಡು ಅನ್ನು!”

ಯಾರಿವನು ತನ್ನ ಮನೆಯಲ್ಲಿ ತನ್ನ ಬಾಯಿ ಮುಚ್ಚುವವನು ಎಂದು ಶಿವರುದ್ರ ಕಣ್ಣು ಕಣ್ಣು ಬಿಟ್ಟ. ದಾಕ್ಷಾಯಣಮ್ಮ ನಗುತ್ತಾ ಕಣ್ಣೊರೆಸಿಕೊಂಡರು. ದೇವರ ಮುಂದಿನ ಸೇವಂತಿಗೆ ಹೂವೊಂದನ್ನು ತೆಗೆದು ಬತ್ತಿಯ ಮೇಲೆ ಮೆತ್ತಗೆ ಒತ್ತಿದರು. ಇಷ್ಟು ತಿಂಗಳು ಉರಿದ ದೀಪ ಒಂದೆಳೆ ಹೊಗೆಯಾಯಿತು.

“ದೊಡ್ಡದಾಯ್ತು ತಂದೇ,” ಎಂದು ಕೈ ಮುಗಿದರು. ಆಮೇಲೆ ಅಡಿಗೆಮನೆಯ ಕಡೆ ತಿರುಗಿ ಕೂಗಿದರು. “ಮಹಾನಂದಾ, ಅಕ್ಕಿ ಹೆಚ್ಚಿದೆ ಕಣೇ. ಅಂಬುಜಮ್ಮನ ಹತ್ರ ಎರಡು ಸೇರು ಇಸ್ಕೊಂಡು ಬಾ. ಇವತ್ತು ಊಟಕ್ಕೆ ಇಬ್ಬರು ಹುಡುಗರಿದಾರೆ.”