ಕೀಬೋರ್ಡಿನ ಬಾಯಿಬೀಗ

ರಿಪೇರಿಯಣ್ಣನ ಕೀಬೋರ್ಡಿನ ಸದ್ದಿಗೆ ಎರಡು ದಾರಿ. ಒಂದು, ಹಿಂಬದಿಯಿಂದ ತಂತಿ ಹಿಡಿದು, ಎಲ್ಲರ ಸದ್ದನ್ನೂ ಬೆರೆಸುವ ಮಿಕ್ಸರಿಗೆ ಹೋಗಿ, ಅಲ್ಲಿಂದ ಸಭಾಂಗಣದ ದೊಡ್ಡ ಪೆಟ್ಟಿಗೆಗಳಲ್ಲಿ ಮೊಳಗುವುದು. ಇನ್ನೊಂದು, ಅದರ ಮೈಯಲ್ಲೇ ಕೂತಿದ್ದ ಎರಡು ಪುಟ್ಟ ಸ್ಪೀಕರುಗಳು. ಮನೆಯಲ್ಲಿ ನುಡಿಸುವಾಗ ಅವು ಬೇಕೇ ಬೇಕು. ವೇದಿಕೆ ಹತ್ತಿದರೆ ಮಾತ್ರ ಅವೇ ಸೆರಗಿನ ಕೆಂಡ. ಅವುಗಳ ಸದ್ದು ಹಾಡುವವನ ಮೈಕಿಗೆ ನುಗ್ಗಿತೋ, ಹಾಲ್ ತುಂಬ ‘ಕುಂಯ್’ ಎಂದು ಊಳಾಟ. ಹಳೇ ಕೀಬೋರ್ಡು, ಅವನ್ನು ಸುಮ್ಮನಿರಿಸಲು ಬೇರೆ ಗುಂಡಿ ಇರಲಿಲ್ಲ. ಹೆಡ್‌ಫೋನಿನ ತೂತಿಗೆ ಏನಾದರೂ ಚುಚ್ಚಿದರೆ ಮಾತ್ರ ತೆಪ್ಪಗಾಗುತ್ತಿದ್ದವು. ಅದಕ್ಕೇ ಅವನು ಕೆಟ್ಟುಹೋದ ಹೆಡ್‌ಫೋನಿನ ತಂತಿ ಕತ್ತರಿಸಿ, ತುದಿಯ ಮೊಳೆಯಷ್ಟನ್ನು ಇಟ್ಟುಕೊಂಡಿದ್ದ. ಅದಕ್ಕೆ ಬಾಯಿಬೀಗ ಎಂದು ಹೆಸರು.

ಬಾಯಿಬೀಗ ಇರುತ್ತಿದ್ದುದು ಹೆಂಡತಿಯ ಕೈಚೀಲದಲ್ಲಿ. ಮದುವೆಯಾದ ಎರಡನೇ ತಿಂಗಳಿಂದ ಅದು ಅವಳ ಕೆಲಸ. ವೇದಿಕೆಯ ಮೇಲೆ ಕೀಬೋರ್ಡು ಇಟ್ಟು ತಂತಿ ಸಿಕ್ಕಿಸಿದ ಮೇಲೆ ಅವನು ತಿರುಗಿಯೂ ನೋಡದೆ ಕೇಳುತ್ತಿದ್ದ: “ಹಾಕಿದ್ಯಾ?”

“ಹಾಕಿದೀನಿ ರೀ.”

ಅಷ್ಟೇ. ಅವಳು ಹೂಂ ಎಂದ ಮೇಲೆ ಅವನು ತಡವಿ ನೋಡಿದವನಲ್ಲ. ಆಮೇಲೆ ಅವಳು ಹೋಗಿ ಕೊನೇ ಸಾಲಿನಲ್ಲಿ ಕೂರುವಳು. ಸದ್ದು ಕಡಿಮೆಯಾದರೆ ಜಡೆ ಮುಂದಕ್ಕೆ ಹಾಕಿಕೊಳ್ಳುವಳು, ಜಾಸ್ತಿಯಾದರೆ ಹಿಂದಕ್ಕೆ. ಕಾರ್ಯಕ್ರಮ ಮುಗಿದು ಸ್ಟ್ಯಾಂಡಿನ ಕಾಲು ಮಡಚುವಾಗ ಎರಡನೇ ಪ್ರಶ್ನೆ: “ಹೇಗಿತ್ತೇ?”

ಅವಳು ಮುಖಸ್ತುತಿ ಮಾಡುವ ಪೈಕಿಯವಳಲ್ಲ. “ಎರಡನೇ ಹಾಡಲ್ಲಿ ಹಿಂದೆ ನಾಯಿ ಅಟ್ಟಿಸ್ಕೊಂಡು ಬಂದೋರ ಹಾಗೆ ಓಡಿದ್ರಿ” ಎನ್ನುವಳು. ಅವನು ಹೊಟ್ಟೆ ಹಿಡಿದು ನಗುವನು. “ಊರೆಲ್ಲ ಹೊಗಳ್ಲಿ, ನಿನ್ನ ಬಾಯಿಂದ ಬಂದ್ರೇನೇ ನಂಗೆ ನಿದ್ದೆ.”

ಹಗಲೆಲ್ಲ ಅವನು ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ. ಬಾಗಿಲ ಹೊರಗೆ ಯಂತ್ರ ತುಳಿದರೆ ಸಾಕು, ಯಾವ ಹಲ್ಲು ಸವೆದಿದೆ ಎಂದು ಒಳಗಿಂದಲೇ ಹೇಳುವಂಥ ಕಿವಿ. ಆ ಕಿವಿ ಐವತ್ತೆಂಟಕ್ಕೆ ಮಂಕಾಯಿತು. ಅವನು ಯಂತ್ರದ ಮೇಲೆ ಅಂಗೈ ಊರಿ ಅದರ ನಡುಕದಿಂದಲೇ ರೋಗ ಹಿಡಿಯತೊಡಗಿದ. ಗಿರಾಕಿಗಳು, “ಏನಣ್ಣ, ಯಂತ್ರಕ್ಕೆ ಜ್ವರಾನಾ?” ಎಂದು ತಮಾಷೆ ಮಾಡುತ್ತಿದ್ದರು. ನಿಜ ಗೊತ್ತಿದ್ದದ್ದು ಅವಳಿಗೆ ಮಾತ್ರ.

ಹಾಡುವವನು ಅವಳ ಮೈದುನ. ಬಾಲ್ಯದಲ್ಲಿ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಸ್ವರ ಕಲಿಸಿದವನು ಅಣ್ಣನೇ. ಒಂದು ಬೆಳಿಗ್ಗೆ ಅಣ್ಣ ಅಂಗಡಿಗೆ ಹೋದುದನ್ನು ನೋಡಿಕೊಂಡು ಅವನು ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತ.

“ಅತ್ತಿಗೆ, ಅಣ್ಣನ ಬೆರಳು ಎಲ್ಲೆಲ್ಲೋ ಬೀಳ್ತಿವೆ. ಹೋದ ಸಲ ನಾನೊಂದು ದಾರಿ, ಅವನೊಂದು ದಾರಿ. ಜನ ನಕ್ಕರು.”

“ನಕ್ಕಿದ್ದು ನಂಗೂ ಕೇಳಿಸ್ತು ಕಣೋ. ಅವರಿಗೇ ಹೇಳು. ಹಾಡೋಕೆ ಬಾಯಿದೆ, ಇದಕ್ಕಿಲ್ವಾ?”

“ಕಲಿಸಿದವನಿಗೆ ಹೇಗ್ ಹೇಳ್ಲಿ? ನೀವ್ ಹೇಳ್ತೀರಾ?”

ಅವಳು ಒಲೆಯ ಕಡೆ ತಿರುಗಿದಳು. ಹೇಳಿದರೆ ಗಂಡನ ಜೀವ ಹೋದಂತೆ. ಹೇಳದಿದ್ದರೆ ಜನ ಆಡಿಕೊಳ್ಳುತ್ತಾರೆ. ಅತ್ತ ದರಿ, ಇತ್ತ ಪುಲಿ.

ಮೈದುನನೇ ದಾರಿ ಹುಡುಕಿದ್ದ. ಅಣ್ಣ ವೇದಿಕೆಯ ಮೇಲೇ ಇರಲಿ. ಮಿಕ್ಸರಿನವನು ಅವನ ಕೀಬೋರ್ಡಿನ ದಾರಿ ಮುಚ್ಚಿಬಿಡುತ್ತಾನೆ. ನುಡಿಸುವವನಿಗೆ ಕೇಳಲೆಂದು ಕಾಲ ಬಳಿ ಇಡುವ ಪೆಟ್ಟಿಗೆಯಲ್ಲೂ ಅವನ ಸದ್ದು ಆಗ ಬರುವುದಿಲ್ಲ. ಅತ್ತಿಗೆ ಬಾಯಿಬೀಗ ಹಾಕದಿದ್ದರೆ ಆಯಿತು; ಕೀಬೋರ್ಡಿನ ಮೈಯ ಸ್ಪೀಕರು ಅಣ್ಣನಿಗಷ್ಟೇ ಕೇಳಿಸುತ್ತದೆ. ತಾನು ಮೈಕು ಹಿಡಿದು ದೂರ ನಿಂತರೆ ಊಳಾಟವೂ ಇಲ್ಲ. ಅವನ ಪಾಲಿನದನ್ನು ತಂಡದ ಗಿಟಾರಿನವಳು ನುಡಿಸುತ್ತಾಳೆ.

“ಅವನ ಪಾಡಿಗೆ ಅವನು ಖುಷಿಯಾಗಿರ್ತಾನೆ ಅತ್ತಿಗೆ.”

ಅವಳು ಒಲೆ ಆರಿಸಿ, ಗೂಟಕ್ಕೆ ತೂಗಿದ್ದ ಕೈಚೀಲದತ್ತ ನೋಡಿದಳು.

ಆ ಭಾನುವಾರ ಯಾವುದೋ ಕಾರ್ಖಾನೆಯ ಮ್ಯಾನೇಜರರ ಬೀಳ್ಕೊಡುಗೆ. ಮಧ್ಯಾಹ್ನ ಮೂರು ಗಂಟೆ; ಕಿಟಕಿಗಳ ಬಿಸಿಲು ಕುರ್ಚಿಗಳ ಮೇಲೆ ಬಿದ್ದಿತ್ತು. ಅವನು ಇಸ್ತ್ರಿ ಮಾಡಿದ ನೀಲಿ ಅಂಗಿ ತೊಟ್ಟಿದ್ದ. ತಂತಿ ಸಿಕ್ಕಿಸಿ, ತಿರುಗಿ ನೋಡದೆ ಕೇಳಿದ.

“ಹಾಕಿದ್ಯಾ?”

ಅವಳ ಕೈ ಚೀಲದೊಳಗಿತ್ತು, ಬಾಯಿಬೀಗ ಬೆರಳುಗಳ ನಡುವೆ ಬೆವೆತಿತ್ತು.

“ಹಾಕಿದೀನಿ ರೀ.”

ಮೂರು ಹಾಡು ಚೆನ್ನಾಗಿಯೇ ಹೋದವು. ಅವನು ತಲೆದೂಗುತ್ತ, ತನಗೆ ಮಾತ್ರ ಕೇಳುವ ಸಂಗೀತದಲ್ಲಿ ತೇಲುತ್ತಿದ್ದ. ಕೊನೇ ಸಾಲಿನಲ್ಲಿ ಕೂತವಳಿಗೆ ಹಾಡು ಕೇಳುತ್ತಿತ್ತು, ಗಿಟಾರು ಕೇಳುತ್ತಿತ್ತು. ಮೂವತ್ತು ವರ್ಷ ಕೇಳಿದ್ದು ಮಾತ್ರ ಇಲ್ಲ. ಜಡೆಯನ್ನು ಎತ್ತ ಹಾಕಿಕೊಳ್ಳಬೇಕೋ ತಿಳಿಯದೆ ಮಡಿಲಲ್ಲಿ ಹಿಡಿದು ಕೂತಳು.

ನಾಲ್ಕನೆಯ ಹಾಡಿನಲ್ಲಿ ಅವನು ಬಲಗೈ ನುಡಿಸುತ್ತಿರುವಂತೆಯೇ ಎಡಗೈಯನ್ನು ಕೀಬೋರ್ಡಿನ ನೆತ್ತಿಯ ಮೇಲೆ ಊರಿದ. ಅಂಗಡಿಯ ಅಭ್ಯಾಸ. ಊರಿದ ಅಂಗೈ ಅಲ್ಲೇ ನಿಂತಿತು. ಬೀಗ ಹಾಕಿದ ಬಾಯಿ ನಡುಗಬಾರದು; ಅದು ನಡುಗುತ್ತಿತ್ತು. ಅವನ ಬೆರಳುಗಳು ಮೆಲ್ಲಗೆ ಹಿಂಬದಿಗೆ ಇಳಿದು ತೂತನ್ನು ತಡವಿದವು. ಖಾಲಿ.

ಅವನು ಅವಳತ್ತ ನೋಡಲಿಲ್ಲ. ಕೀಬೋರ್ಡಿನ ಸದ್ದಿನ ಗುಂಡಿಯನ್ನು ಪೂರ್ತಿ ಕೆಳಕ್ಕೆ ತಿರುಗಿಸಿದ. ಈಗ ಎರಡು ದಾರಿಗಳಲ್ಲೂ ಒಂದು ಹನಿ ಸದ್ದಿಲ್ಲ. ತಲೆಯೆತ್ತಿ ಮಿಕ್ಸರಿನವನನ್ನು ನೋಡಿದ. ಸದ್ದು ನಿಂತದ್ದು ಆತನಿಗೆ ಗೊತ್ತೇ ಆಗಿರಲಿಲ್ಲ; ಆರಾಮಾಗಿ ಕಾಫಿ ಹೀರುತ್ತಿದ್ದ. ತಮ್ಮನನ್ನು ನೋಡಿದ, ತಮ್ಮ ತಿರುಗದೆ ಹಾಡುತ್ತಲೇ ಇದ್ದ. ಗಿಟಾರಿನವಳ ಬೆರಳುಗಳನ್ನು ಬಹಳ ಹೊತ್ತು ನೋಡಿದ. ಆಮೇಲೆ ಎರಡೂ ಕೈಗಳನ್ನು ಕೀಗಳ ಮೇಲಿಟ್ಟು, ಉಳಿದ ಒಂಬತ್ತು ಹಾಡುಗಳನ್ನೂ ಒಂದು ಸ್ವರವನ್ನೂ ಬಿಡದೆ, ಕೊನೆಯ ಚಪ್ಪಾಳೆಯ ತನಕ ನುಡಿಸಿದ.

ಸ್ಟ್ಯಾಂಡಿನ ಕಾಲು ಮಡಚುವಾಗ ಅವಳು ಪಕ್ಕದಲ್ಲೇ ನಿಂತಿದ್ದಳು, ಕಾಲಿಗೆ ಬೀಳಲೂ ಸಿದ್ಧಳಾಗಿ. ಅವನು ಕೈ ಚಾಚಿದ.

“ಅದು ಕೊಡು.”

ಅವಳು ಚೀಲದಿಂದ ತೆಗೆದು ಕೊಟ್ಟಳು. ಅವನು ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ದಾರಿಯಲ್ಲಿ, “ಹಾಲು ಇದೆಯಾ ಮನೇಲಿ?” ಎಂದು ಕೇಳಿದ. ಬೇರೇನೂ ಕೇಳಲಿಲ್ಲ.

ತಮ್ಮನಿಗೆ, “ಬೆನ್ನು ನೋವು, ಇನ್ನು ಬರೋಲ್ಲ ಕಣೋ” ಎಂದು ಹೇಳಿ ಕಳಿಸಿದ. ಬೈಗುಳವಿಲ್ಲ, ಜಗಳವಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಊಟಕ್ಕೆ ಕರೆದರೆ ಬರುತ್ತಿದ್ದ, ಉಪ್ಪು ಕಡಿಮೆಯಾದರೆ ತಾನೇ ಎದ್ದು ಹಾಕಿಕೊಳ್ಳುತ್ತಿದ್ದ.

ದಿನವೂ ಮಧ್ಯಾಹ್ನ ಅಂಗಡಿ ಮುಚ್ಚಿ ಬಂದು ಕೀಬೋರ್ಡಿನ ಮುಂದೆ ಕೂರುವನು. ಜೇಬಿನಿಂದ ಬಾಯಿಬೀಗ ತೆಗೆದು ತಾನೇ ಚುಚ್ಚುವನು. ಮನೆಯಲ್ಲಿ ಅದರ ಅಗತ್ಯವೇ ಇರಲಿಲ್ಲ. ಅರ್ಧ ಗಂಟೆ ನುಡಿಸುವನು. ಒಳಗೆ ಬಟ್ಟೆ ಮಡಚುತ್ತ ಕೂತವಳಿಗೆ ಕೀಗಳು ಏಳುವ, ಬೀಳುವ ಟಕಟಕ ಮಾತ್ರ ಕೇಳುವುದು. ಕೆಲವು ತಿಂಗಳಲ್ಲಿ ಆ ಟಕಟಕದಲ್ಲೇ ಯಾವ ಹಾಡೆಂದು ಅವಳಿಗೆ ತಿಳಿಯತೊಡಗಿತು. ಎಲ್ಲಿ ಓಡಿದ, ಎಲ್ಲಿ ತಡವರಿಸಿದ, ಅದೂ ತಿಳಿಯುತ್ತಿತ್ತು.

ಟಕಟಕ ನಿಲ್ಲುವುದು. ಕೀಬೋರ್ಡಿಗೆ ಬಟ್ಟೆ ಹೊದಿಸುವ ಸದ್ದಾಗುವುದು. ಅವಳು ಮಡಚುವ ಕೈ ತಡೆದು, ‘ಹೇಗಿತ್ತೇ’ಗೆ ಉತ್ತರವನ್ನು ನಾಲಗೆಯ ತುದಿಯಲ್ಲಿಟ್ಟುಕೊಂಡು ಕಾಯುವಳು. ಅವನು ಚಪ್ಪಲಿ ಮೆಟ್ಟಿ ಅಂಗಡಿಗೆ ಹೊರಟುಹೋಗುವನು.