ಚೀನಾ ಗಾಡಿಗೆ ಕೊರಡು ಕಟ್ಟಿದ ದಿನ

ಮಕ್ಕಳೇ, ಹಿತ್ತಲಲ್ಲಿ ತಗಡಿನ ಕೆಳಗೆ ನಿಲ್ಲುವ ಕೆಂಪು ಬೈಕ್ ಗಾಡಿಯ ಮೇಲೆ ಹತ್ತಿ ನೀವು ಬುರ್ರ್ ಎಂದು ಬಾಯಲ್ಲೇ ಸದ್ದು ಮಾಡುತ್ತಾ ಆಡುತ್ತೀರಿ. ಅದು ಆಟದ ಸಾಮಾನಲ್ಲ. ಹಳ್ಳದ ಆಚೆಯ ಹೊಲ ಇನ್ನೂ ನಮ್ಮ ಕೈಯಲ್ಲಿ ಉಳಿದಿದ್ದರೆ ಅದಕ್ಕೆ ಆ ಗಾಡಿಯೂ ಒಂದು ಕಾರಣ. ಅದು ಮನೆಗೆ ಬಂದ ಹೊಸದರಲ್ಲಿ ನಡೆದದ್ದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ನಾಲ್ಕು ಮಂದಿಯ ನಡುವೆ ಕೂತು ಹೇಳಲು ನನಗೆ ಬಾರದು, ಬರೆದಿಡುತ್ತೇನೆ.

ನಿಮ್ಮಜ್ಜ ತೀರಿಹೋದ ಮೇಲೆ ಹೊಲ ನೋಡುವವರು ಯಾರು ಎಂಬ ಮಾತು ಎದ್ದಿತು. ನಿಮ್ಮಪ್ಪನದು ಕುಮಾರಪಟ್ಟಣದ ಫ್ಯಾಕ್ಟರಿಯಲ್ಲಿ ಪಾಳಿಯ ಕೆಲಸ. ಹಗಲು ಪಾಳಿ ಮುಗಿಸಿ ಬರುವಷ್ಟರಲ್ಲಿ ಕತ್ತಲಾಗಿರುತ್ತದೆ, ರಾತ್ರಿ ಪಾಳಿ ಮುಗಿಸಿ ಬಂದರೆ ನಿದ್ದೆ ಎಳೆಯುತ್ತದೆ. ಹೊಲ ನಾನು ಮಾಡುತ್ತೇನೆ ಎಂದವಳು ನಿಮ್ಮವ್ವ. ಅವಳು ಬ್ಯಾಡಗಿ ಕಡೆಯ ಮಗಳು. ಮೆಣಸಿನ ಗಿಡದ ಎಲೆ ಮುದುರಿದ್ದನ್ನು ಬದುವಿನ ಮೇಲೆ ನಿಂತೇ ಗುರುತಿಸುತ್ತಾಳೆ. ಕೆಲಸದ ಬಗ್ಗೆ ಯಾರಿಗೂ ಅನುಮಾನ ಇರಲಿಲ್ಲ. ತೊಡಕು ಇದ್ದದ್ದು ದಾರಿಯದು.

ನಮ್ಮದು ಎರೆ ಭೂಮಿ. ಒಂದು ಜೋರು ಮಳೆ ಬಿದ್ದರೆ ಬಂಡಿದಾರಿ ಅಂಬಲಿಯಾಗುತ್ತದೆ. ನಿಮ್ಮಪ್ಪನ ಬೈಕು ಅದರಲ್ಲಿ ಹತ್ತು ಮಾರು ಹೋಗುವುದಿಲ್ಲ. ಮಡ್‌ಗಾರ್ಡಿಗೂ ಗಾಲಿಗೂ ನಡುವೆ ಮಣ್ಣು ಮೆತ್ತಿಕೊಂಡು ಗಾಲಿ ತಿರುಗುವುದೇ ನಿಂತುಹೋಗುತ್ತದೆ. ನಡೆದು ಹೋದರೆ ಪ್ರತಿ ಹೆಜ್ಜೆಗೂ ಪಾದಕ್ಕೆ ಒಂದು ಹೆಂಟೆ ಅಂಟಿಕೊಂಡು ಹೋಗಿಬರುವುದರಲ್ಲೇ ಅರ್ಧ ದಿನ ಕಳೆಯುತ್ತದೆ. ಅಜ್ಜನ ತಮ್ಮ, ಅಂದರೆ ನಿಮ್ಮ ಸಣ್ಣಜ್ಜ, ಅತ್ತಿಗೆಯಾದ ನನ್ನ ಮುಂದೆ ಇದನ್ನೇ ಎತ್ತಿದರು.

"ಹೆಣ್ಮಕ್ಕಳ ಕೈಯಾಗ ಹೊಲಾ ಉಳಿಯೂದಿಲ್ಲ ವೈನಿ. ಮಳಿಗಾಲದಾಗ ಯಾರ ಹೋಗಾವ್ರು? ಯುಗಾದಿಗೆ ಲಾವಣಿ ಹಾಕಿಬಿಡೂಣು. ನನ್ನ ಗುರ್ತಿನ್ಯಾಂವ ಒಬ್ಬ ಚಲೋ ಮನಶ್ಯಾ ಅದಾನ."

ಲಾವಣಿ ಎಂದರೆ ವರ್ಷಕ್ಕೆ ಇಷ್ಟು ಎಂದು ಮಾತಾಡಿ ಹೊಲವನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದು. ಯುಗಾದಿಯಿಂದ ಯುಗಾದಿಗೆ ಅದರ ಲೆಕ್ಕ. ಒಂದು ವರ್ಷಕ್ಕೆಂದು ಕೊಟ್ಟ ಹೊಲವನ್ನು ವಾಪಸು ಕೇಳಿ ಕೇಳಿ ಸಾಕಾದವರನ್ನು ನಾನು ನಮ್ಮ ಓಣಿಯಲ್ಲೇ ನೋಡಿದ್ದೇನೆ. ನಿಮ್ಮವ್ವನಿಗೂ ಅದು ಗೊತ್ತಿತ್ತು. ಒಂದು ಸಂಜೆ ಅವಳು ಫೋನು ಹಿಡಿದುಕೊಂಡು ಅಡುಗೆಮನೆಗೆ ಬಂದಳು.

"ಅತ್ತೀ, ಇಲ್ಲಿ ನೋಡ್ರಿ. ಈ ಗಾಡಿಗೆ ಮಡ್‌ಗಾರ್ಡ್ ಎಷ್ಟ ಮ್ಯಾಲ ಐತಿ! ಗಾಲಿಗೆ ಹಲ್ಲು ನೋಡ್ರಿ. ಇದಕ್ಕ ಮಣ್ಣ ಮೆತ್ತೂದಿಲ್ಲ."

"ಎಲ್ಲೀದವಾ ಇದು?"

"ಚೀನಾದ್ದು. ಕಡಿಮಿಗೆ ಸಿಗತೈತಿ. ನಂಬರ್ ಕೊಡೂದಿಲ್ಲ, ಡಾಂಬರ್ ರೋಡಿಗೆ ಒಯ್ಯಾಕ ಬರೂದಿಲ್ಲ. ನಮಗ ರೋಡ್ ಯಾಕ ಬೇಕು? ಹಿತ್ತಲದಿಂದ ಹೊಲದ ತನಕ ಬಂಡಿದಾರಿನ ಐತಲ್ಲ."

ನಾನು ಕೂಡಿಟ್ಟದ್ದರಲ್ಲಿ ಕೊಡಿಸುತ್ತೇನೆ ಎಂದೆ. ಶಿವರಾತ್ರಿ ಕಳೆದ ಮೇಲೆ ರಾಣೆಬೆನ್ನೂರಿಗೆ ಹೊರಟೆವು. ಗಂಡಸೊಬ್ಬ ಜೊತೆಗಿರಬೇಕು ಎಂದು ಸಣ್ಣಜ್ಜ ಕರೆಯದೆಯೇ ಬಂದರು.

ಅಂಗಡಿಯವನು ಸಣ್ಣಜ್ಜನಿಗೆ ಕುರ್ಚಿ ಹಾಕಿ ಚಹಾ ತರಿಸಿದ. ನಾವಿಬ್ಬರೂ ಟೈರುಗಳ ರಾಶಿಯ ಪಕ್ಕ ನಿಂತಿದ್ದೆವು. ಕೊಳ್ಳುವವಳು ನಾನು, ಓಡಿಸುವವಳು ಅವಳು, ಆದರೆ ಆ ಮನುಷ್ಯನ ಕಣ್ಣಿಗೆ ನಾವು ಟೈರುಗಳ ಹಾಗೆಯೇ ಇದ್ದೆವೋ ಏನೋ.

"ಯಾರ ಓಡ್ಸವ್ರರೀ? ನಿಮ್ಮ ಮಗಾ ಏನು?" ಎಂದು ಅವರನ್ನೇ ಕೇಳಿದ.

"ನಾನ್ರೀ" ಎಂದಳು ನಿಮ್ಮವ್ವ.

ಅವನು ನಕ್ಕ. "ತಂಗೀ, ಇದು ಸ್ಕೂಟಿ ಅಲ್ಲವಾ. ಬಟನ್ ಒತ್ತಿದ್ರ ಚಾಲೂ ಆಗೂದಿಲ್ಲ, ಕಿಕ್ ಹೊಡೀಬೇಕು. ಸೀರಿ ಉಟ್ಕೊಂಡು ಹೆಂಗ ಹೊಡೀತಿ?"

"ಸೀರಿ ಉಟ್ಕೊಂಡ ಹುಳದ ಎಣ್ಣಿ ಹೊಡ್ಯೂ ಪಂಪ್ ಹೊತ್ತು ದಿನಾಪೂರ್ತಿ ಹೊಲದಾಗ ತಿರಗತೀನ್ರಿ. ಒಂದ ಕಿಕ್ ಹೊಡ್ಯಾಕ ಆಗೂದಿಲ್ಲೇನು?"

ಅವನು ಕುರ್ಚಿಯ ಕಡೆ ತಿರುಗಿದ. ಹೊಸ ಗಾಡಿಯನ್ನು ಹೇಗೆ ರೂಢಿ ಮಾಡಬೇಕು ಎನ್ನುವುದನ್ನು ಮತ್ತೆ ಸಣ್ಣಜ್ಜನಿಗೇ ಹೇಳತೊಡಗಿದ. "ಹೊಸಾ ಇಂಜಿನ್ ಹಸಗೂಸ ಇದ್ದಂಗ್ರೀ. ಪೆಟ್ಟಿಗ್ಯಾಗ ಬಂದ ಆಯಿಲ್ ಮೊದಲ ತಗದು ಬ್ಯಾರೆ ಹಾಕ್ರಿ. ಒಮ್ಮೆಲೇ ಜೋರ್ ರೇಸ್ ಕೊಡಬ್ಯಾಡ್ರಿ. ಭಾರ ಎಳಸಬ್ಯಾಡ್ರಿ. ಕಾದ್ರ ನಿಂದ್ರಿಸ್ರಿ. ನಟ್ಟು ಬೋಲ್ಟು ಮ್ಯಾಲಿಂದ ಮ್ಯಾಲೆ ಬಿಗೀತಿರ್ರಿ, ಚೀನಾ ಮಾಲು ನೋಡ್ರಿ, ಸಡಲ ಆಗತಾವ."

ಸಣ್ಣಜ್ಜ ಕಪ್ಪಿನ ಚಹಾವನ್ನು ಬಸಿಗೆ ಸುರಿದುಕೊಳ್ಳುತ್ತಾ, "ನನಗ ಹೇಳಬೇಕೇನ್ರೀ? ಎಂತೆಂಥಾ ಹೋರಿ ಪಳಗಿಸಿದ ಕೈ ಇದು" ಎಂದರು. ಅಂಗಡಿಯವರೆಲ್ಲ ನಕ್ಕರು. ನಾವು ನಗಲಿಲ್ಲ.

ಹೋರಿ ಪಳಗಿಸುವುದರಲ್ಲಿ ಅವರಿಗೆ ಹೆಸರಿದೆ. ಅದನ್ನು ನಾನು ಇಲ್ಲವೆನ್ನುವುದಿಲ್ಲ. ದೀಪಾವಳಿಗೆ ಕೊಬ್ಬರಿ ಸರ ಕಟ್ಟಿ ಓಡಿಸುವ ಹೋರಿಗಳಾಗಲಿ, ನೇಗಿಲಿಗೆ ಹೂಡುವ ಹೋರಿಗಳಾಗಲಿ, ಹೊಸದಾಗಿ ತಂದವರು ಅವರನ್ನೇ ಕರೆಯುತ್ತಾರೆ. ಹೊಲ ಸಮ ಮಾಡುವ ಮರದ ದಿಮ್ಮಿಗೆ ನಾವು ಕೊರಡು ಎನ್ನುತ್ತೇವೆ. ಸಣ್ಣಜ್ಜ ಹೊಸ ಹೋರಿಗೆ ಮೊದಲ ದಿನವೇ ಕೊರಡು ಕಟ್ಟಿ, ಉತ್ತ ಹೊಲದಲ್ಲಿ ಬಾಯಲ್ಲಿ ನೊರೆ ಬರುವವರೆಗೆ ಎಳೆಸುತ್ತಾರೆ. ಹೋರಿಯ ಸೊಕ್ಕು ಇಳಿಯುತ್ತದೆ. ಅದು ಹೋರಿಯ ಮಾತು.

ಗಾಡಿ ಗೂಡ್ಸ್ ಟೆಂಪೋದಲ್ಲಿ ಬಂತು. ಕುಂಕುಮ ಹಚ್ಚಿ, ಕಾಯಿ ಒಡೆದು, ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟೆವು. ಮರುದಿನ ನಿಮ್ಮವ್ವ ಮೆಣಸಿನಕಾಯಿ ಚೀಲಗಳ ಜೊತೆ ಬ್ಯಾಡಗಿ ಮಾರ್ಕೆಟ್ಟಿಗೆ ಹೋಗಬೇಕಿತ್ತು. ಹೊರಡುವಾಗ ಹೇಳಿದಳು: "ಅತ್ತೀ, ಗಾಡಿ ಯಾರೂ ಮುಟ್ಟೂದು ಬ್ಯಾಡ. ಬರೂವಾಗ ನಾ ಹೊಸಾ ಆಯಿಲ್ ತರ್ತೀನಿ. ಅದನ್ನ ಹಾಕಿದ ಮ್ಯಾಲೆನ ಚಾಲೂ ಮಾಡೂಣು."

ಅವಳು ಬಸ್ ಹತ್ತಿದ ಮೇಲೆ ಸಣ್ಣಜ್ಜ ಇಬ್ಬರು ಗೆಳೆಯರನ್ನು ಕರೆದುಕೊಂಡು ಹಿತ್ತಲಿಗೆ ಬಂದರು. ಹೆಗಲ ಮೇಲೆ ಹಗ್ಗ ಇತ್ತು. ಹಗ್ಗ ನೋಡಿಯೇ ನಾನು ಒಳಗಿನಿಂದ ಎದ್ದು ಬಂದೆ. ಬಾಗಿಲಲ್ಲಿ ನಿಂತು, "ಅಕಿ ಬರೂ ತನಕ ಬ್ಯಾಡಂದಾಳ್ರೀ" ಎಂದೆ.

"ಅಕಿ ಬಂದ ಏನ ಮಾಡತಾಳ ವೈನಿ? ಹೊಸಾದು ಸೊಕ್ಕಿನ್ಯಾಗ ಇರತೈತಿ. ಮೊದಲನೇ ದಿನಾನ ಸೊಕ್ಕ ಮುರೀಬೇಕು, ಇಲ್ಲಾಂದ್ರ ಹಾದಿಗೆ ಬರೂದಿಲ್ಲ."

"ಅಂಗಡಿಯಾಂವ ಭಾರ ಎಳಸಬ್ಯಾಡ ಅಂದಿದ್ದನಲ್ರೀ."

"ಅಂಗಡಿಯಾಂವ ಎಂದರ ಹೋರಿ ಹೂಡ್ಯಾನೇನು? ನೀವು ಒಳಗ ಹೋಗಿ ಚಹಾಕ್ಕ ಇಡ್ರಿ."

ಚಹಾ ಇಡಲಿಲ್ಲ. ಅವರ ಹಿಂದೆಯೇ ಹೋದೆ. ಹಿತ್ತಲಿನ ಹಿಂದಿನ ಸಣ್ಣ ಹೊಲವನ್ನು ಆಗಷ್ಟೇ ಉತ್ತಿದ್ದೆವು. ಹೆಂಟೆಗಳು ತೆಂಗಿನಕಾಯಿಯಷ್ಟು ದಪ್ಪ ಇದ್ದವು. ಗಾಡಿಯ ಹಿಂದೆ ಕೊರಡು ಕಟ್ಟಿದರು. ಅದು ಎತ್ತುಗಳು ಎಳೆಯುವ ಕೊರಡು, ಮಕ್ಕಳೇ. ಅದರ ಮೇಲೆ ಭಾರಕ್ಕೆಂದು ಒಬ್ಬ ಗೆಳೆಯ ಬೇರೆ ನಿಂತುಕೊಂಡ. ಇನ್ನೊಬ್ಬ ಬದುವಿನ ಮೇಲಿಂದ ಹೋರಿಗೆ ಕೂಗುವಂತೆ "ಹೋ! ಹೋ!" ಎಂದು ಕೂಗಿದ. ಮಟಮಟ ಮಧ್ಯಾಹ್ನ. ಗಾಡಿ ಒದರಿಕೊಳ್ಳುತ್ತಾ ಒಂದು ಸುತ್ತು ಎಳೆಯಿತು, ಎರಡನೆಯದಕ್ಕೆ ಏದುಸಿರು ಬಿಟ್ಟಿತು. ಇಂಜಿನ್ನಿನ ಹೊಟ್ಟೆಯಿಂದ ಹೊಗೆ ಬಂತು. ಕೂದಲು ಸುಟ್ಟಂಥ ನಾತ ಬದುವಿನ ತನಕ ಹರಡಿತು. ಆಮೇಲೆ ಎಷ್ಟು ರೇಸ್ ಕೊಟ್ಟರೂ ಇಂಜಿನ್ ಅರಚುತ್ತಿತ್ತು, ಗಾಲಿ ತಿರುಗಲಿಲ್ಲ.

ಸಣ್ಣಜ್ಜ ಕೆಳಗಿಳಿದು ಗಾಡಿಯ ಪಕ್ಕೆಗೆ ಕಾಲಿನಿಂದ ಒದ್ದರು. "ನೋಡ್ರಿ ವೈನಿ, ಚೀನಾ ಮಾಲು! ಒಂದ ಕೊರಡ ಎಳ್ಯಾಕ ದಮ್ಮಿಲ್ಲ. ಇದನ್ನ ನಂಬಿ ಹೊಲಾ ಮಾಡವ್ರು ನೀವು!"

ಕೆಡಿಸಿದ್ದಕ್ಕಿಂತ ಆ ಮಾತು ನನ್ನನ್ನು ಹೆಚ್ಚು ಸುಟ್ಟಿತು. ಅವರು ಗಾಡಿಯನ್ನು ಅಲ್ಲೇ ಬಿಟ್ಟು ಊರ ಕಟ್ಟೆಗೆ ಹೋಗಿ, ಹೆಂಗಸರು ಆಟದ ಗಾಡಿ ತಂದರು, ಒಂದೇ ದಿನಕ್ಕೆ ಸತ್ತುಹೋಯಿತು, ಇನ್ನು ಲಾವಣಿ ಪಕ್ಕಾ ಎಂದು ಊರಿಗೆಲ್ಲ ಹೇಳಿದರು. ಹೊತ್ತು ಇಳಿಯುವುದರೊಳಗೆ ನೆರೆಮನೆಯವಳು ಮಜ್ಜಿಗೆ ಕೇಳುವ ನೆಪದಲ್ಲಿ ಬಂದು, "ಹೋತಂತಲ್ಲವಾ ನಿಮ್ಮ ಗಾಡಿ?" ಎಂದು ಕೇಳಿ ಹೋದಳು.

ನಿಮ್ಮವ್ವ ಸಂಜೆಯ ಬಸ್ಸಿಗೆ ಬಂದಳು. ಗಾಡಿಗೆ ಹಗ್ಗ ಇನ್ನೂ ಕಟ್ಟಿಯೇ ಇತ್ತು. ಅವಳು ಕೂಗಾಡಲಿಲ್ಲ. ಆಯಿಲ್ ಡಬ್ಬಿಯನ್ನು ಬದುವಿನ ಮೇಲೆ ಇಟ್ಟು, ಸಣ್ಣಜ್ಜನ ಮನೆಯ ಮುಂದೆ ಹೋಗಿ ನಿಂತಳು.

"ಕಾಕಾರ, ನಿಮ್ಮ ಹೋರಿಗೆ ನಾ ಎಂದರ ಪೆಟ್ರೋಲ್ ಕುಡಿಸೇನೇನ್ರೀ?"

ಒಳಗಿದ್ದ ಅವರ ಹೆಂಡತಿಯೇ ಕಿಸಕ್ಕನೆ ನಕ್ಕಳು. ಸಣ್ಣಜ್ಜ ನಿಮ್ಮವ್ವನ ಹಿಂದೆ ನಿಂತಿದ್ದ ನನ್ನನ್ನು ನೋಡಿ, "ವೈನಿ, ಸೊಸಿಗೆ ಸ್ವಲ್ಪ ಬುದ್ಧಿ ಹೇಳ್ರಿ" ಎಂದರು. ಬುದ್ಧಿ ಹೇಳಬೇಕಾದದ್ದು ಯಾರಿಗೆ?

ರಾಣೆಬೆನ್ನೂರಿನ ಅಂಗಡಿಯವನಿಗೆ ಫೋನು ಮಾಡಿದರೆ, "ಭಾರ ಎಳಸಬ್ಯಾಡ್ರಿ ಅಂತ ನಿಮ್ಮ ಹಿರ್ಯಾರಿಗೆ ಹೇಳೀನಲ್ರೀ" ಎಂದು ಇಟ್ಟುಬಿಟ್ಟ. ಓಡಿಸುವವಳಿಗೆ ಹೇಳಬಾರದಾಗಿತ್ತೇ? ಬೇರೆ ದಾರಿಯಿಲ್ಲದೆ ಗಾಡಿಯನ್ನು ಮತ್ತೆ ಟೆಂಪೋದಲ್ಲಿ ಹಾಕಿಕೊಂಡು ಹಾವೇರಿಯ ಒಬ್ಬ ಮಿಸ್ತ್ರಿಯ ಹತ್ತಿರ ಹೋದೆವು. ಅವನು ಬಿಚ್ಚಿ ನೋಡಿ, "ಅವ್ವಾರ, ಇದರಾಗ ಆಯಿಲ್ ಎಲ್ಲೈತಿ? ಕಾಡಿಗಿ ಐತಿ" ಎಂದ. ಕ್ಲಚ್ ಪ್ಲೇಟುಗಳು ಸುಟ್ಟಿದ್ದವು, ಚೈನು ಜೋತುಬಿದ್ದಿತ್ತು, ಇಂಜಿನ್ ಮಾತ್ರ ಉಳಿದಿತ್ತು. ಏನಾಯಿತೆಂದು ಕೇಳಿದ. ನಿಮ್ಮವ್ವ ಹೇಳಿದಳು.

"ಕೊರಡು ಕಟ್ಟಿದ್ರಾ? ಹಂಗಾರ ಮುಂಜಾನೆ ಹಿಂಡಿ, ಹೊಟ್ಟು ಹಾಕಿದ್ರೋ ಇಲ್ಲೋ?"

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಯುಗಾದಿ ಹತ್ತಿರ ಬರುತ್ತಿತ್ತು. ಚೀನಾದ ಪ್ಲೇಟುಗಳು ಸಿಗಲು ತಿಂಗಳುಗಟ್ಟಲೆ ಬೇಕು ಎಂದ ಮಿಸ್ತ್ರಿ, ನಮ್ಮ ಕಡೆಯ ಬೈಕುಗಳ ಪ್ಲೇಟುಗಳನ್ನು ಒಂದೊಂದಾಗಿ ಹಚ್ಚಿ ನೋಡಿ, ಕೊನೆಗೆ ಒಂದು ಜೋಡಿ ಕೂಡಿಸಿದ. ನಿಮ್ಮವ್ವ ಮಣೆ ಎಳೆದುಕೊಂಡು ಅವನ ಎದುರಿಗೇ ಕೂತು ಕಲಿತಳು.

ಆಮೇಲೆ ಅವಳು ಗಾಡಿಯನ್ನು ರೂಢಿ ಮಾಡಿದ ಬಗೆ ಹೀಗೆ. ಬೆಳಗಿನ ತಂಪಿನಲ್ಲಿ ನಾನು ಬಂಡಿದಾರಿಯಲ್ಲಿ ನಡೆಯುವುದು, ಅವಳು ನನ್ನ ಪಕ್ಕದಲ್ಲಿ ಮೆಲ್ಲಗೆ ಓಡಿಸುವುದು. ಭಾರ ಹಾಕಬಾರದೆಂದು ನಾನು ಹಿಂದೆ ಕೂರುತ್ತಿರಲಿಲ್ಲ. ಹಳ್ಳದ ದಂಡೆಯಲ್ಲಿ ನಿಲ್ಲಿಸಿ, ಇಂಜಿನ್ ಆರುವವರೆಗೆ ಕೂತು, ಮತ್ತೆ ಹೊರಡುವುದು. ಮನೆಗೆ ಬಂದು ಪಾನಾ ಹಿಡಿದು ನಟ್ಟುಗಳನ್ನೆಲ್ಲ ಬಿಗಿಯುವುದು. ಯಾವ ನಟ್ಟು ಸಡಿಲಾಗುತ್ತದೆಂದು ನನಗೂ ಗೊತ್ತಾಗಿಬಿಟ್ಟಿತು. ಬಾವಿಯ ಕಡೆ ಹೋಗುವವರು, "ಅತ್ತಿ ಮುಂದ, ಗಾಡಿ ಹಿಂದ! ಅತ್ತಿನ ಜೋರ್ ಓಡತಾಳ ನೋಡ್ರಿ!" ಎಂದು ಚುಡಾಯಿಸಿದರು. ನಾನು ಸೆರಗು ಮುಂದಕ್ಕೆಳೆದುಕೊಂಡು ನಡೆದೆ. ದಿನ ಕಳೆದಂತೆ ಆಯಿಲ್ ಮತ್ತೊಮ್ಮೆ ಬದಲಿಸಿದೆವು, ಅವಳು ಸ್ವಲ್ಪ ಸ್ವಲ್ಪವೇ ವೇಗ ಹೆಚ್ಚಿಸಿದಳು.

ಯುಗಾದಿಯ ಹಿಂದಿನ ದಿನ ಸಂಜೆ ಅಕಾಲದ ಮಳೆ ಹೊಡೆಯಿತು. ಹಬ್ಬದ ಬೆಳಿಗ್ಗೆ ಬೆಳಕು ಹರಿಯುತ್ತಲೇ ನಿಮ್ಮವ್ವ ಮಳೆನೀರು ತಡೆಯುವ ಒಡ್ಡು ನೋಡಿ ಬರುತ್ತೇನೆಂದು ಹೊರಟಳು. ನಿಮ್ಮಪ್ಪ ಪಾಳಿಯಿಂದ ಇನ್ನೂ ಬಂದಿರಲಿಲ್ಲ. ನಾನು ಹೋಳಿಗೆಯ ಹೂರಣ ರುಬ್ಬುತ್ತಿದ್ದಾಗ ಸಣ್ಣಜ್ಜ ಲಾವಣಿ ಹಿಡಿಯುವ ಮನುಷ್ಯನನ್ನು ಕರೆದುಕೊಂಡೇ ಬಂದುಬಿಟ್ಟರು. ಜೊತೆಗೆ ತಾಟಿನಲ್ಲಿ ಎಲೆ ಅಡಿಕೆಯನ್ನೂ ತಂದಿದ್ದರು. ಮನೆಯವರು ಆ ಎಲೆ ಅಡಿಕೆ ಎತ್ತಿಕೊಂಡರೆ ಮಾತು ಮುಗಿದಂತೆ. ಹೊಲ ಅವರ ಕೈಗೆ ಹೋಗುತ್ತದೆ.

"ಹೊಲದ ಒಡ್ಡು ಹೆಂಗೈತ್ರೀ?" ಎಂದು ಬಂದವನು ಕೇಳಿದ. "ನೋಡಬೇಕಂತ ಹೊಂಟಿದ್ದೆ. ಹಾದಿ ಮ್ಯಾಲ ಬೈಕ್ ಹುಗದ ಹೋತು. ಹೊಳ್ಳಿ ಬಂದೆ."

"ಇಂಥಾ ಹಾದ್ಯಾಗ ಯಾರ ಹೋಗತಾರ ಬಿಡ್ರಿ" ಎಂದರು ಸಣ್ಣಜ್ಜ. "ಅದಕ್ಕ ಹೇಳೂದು ನಾ, ಹೆಣ್ಮಕ್ಕಳ ಕೆಲಸ ಅಲ್ಲಂತ."

ಅವರು ಇನ್ನೂ ಮಾತಾಡುತ್ತಿದ್ದಾಗಲೇ ಹಿತ್ತಲಲ್ಲಿ ಗಾಡಿಯ ಸದ್ದಾಯಿತು. ನಿಮ್ಮವ್ವ ಮೊಣಕಾಲತನಕ ಕೆಸರು ಮೆತ್ತಿಕೊಂಡು ಬಾಗಿಲಿಗೆ ಬಂದಳು. ಬಂದವರನ್ನು ನೋಡಿ, ತಾಟು ನೋಡಿ, ನನ್ನ ಕಡೆ ತಿರುಗಿದಳು.

"ಅತ್ತೀ, ಕೆಳಗಿನ ಮೂಲ್ಯಾಗ ಒಡ್ಡು ಹರದಿತ್ತು. ಕಲ್ಲ ಒಟ್ಟಿ ನೀರ ತಿರುವಿ ಬಂದೇನಿ. ನಾಳೆ ಆಳ ಕರಕೊಂಡು ಹೋಗಿ ಮಣ್ಣ ಹಾಕಸ್ತೀನಿ."

ಸಣ್ಣಜ್ಜ ತಾಟನ್ನು ನನ್ನ ಕಡೆ ಸರಿಸಿದರು. "ಅದು ಇರಲಿ. ಹಬ್ಬದ ದಿನಾ, ಚಲೋ ಹೊತ್ತು. ತಗೋರಿ ವೈನಿ."

ನನ್ನ ಕೈಗೆ ಹೂರಣ ಮೆತ್ತಿತ್ತು. ಒರೆಸಿಕೊಂಡು ಅಡುಗೆಮನೆಯಿಂದ ಹೊರಗೆ ಬಂದೆ. ಅವರ ತಾಟನ್ನು ಅವರ ಕಡೆಯೇ ಸರಿಸಿ, ನಮ್ಮ ಮನೆಯ ಎಲೆ ಅಡಿಕೆಯ ಡಬ್ಬಿ ತಂದು ಬಂದವನ ಮುಂದಿಟ್ಟೆ.

"ಹಬ್ಬಕ್ಕ ಬಂದೀರಿ, ಎಲಿ ಹಾಕ್ಕೋರಿ, ಹೋಳಿಗಿ ಉಂಡ ಹೋಗ್ರಿ. ಹೊಲಾ ಲಾವಣಿಗೆ ಇಲ್ಲ."

ಆ ಮನುಷ್ಯ ಒಳ್ಳೆಯವನು. "ಇಂಥಾ ಕೆಸರಿನ್ಯಾಗ ಹೋಗಿ ಬರೂವ್ರು ಮನ್ಯಾಗಿದ್ರ ಲಾವಣಿ ಯಾಕ್ರೀ" ಎಂದು ಎಲೆ ಹಾಕಿಕೊಂಡು, ಊಟ ಮಾಡಿಯೇ ಹೋದ. ಸಣ್ಣಜ್ಜನೂ ಹೋಳಿಗೆ ಉಂಡರು. ತುಪ್ಪ ಎರಡು ಸಲ ಹಾಕಿಸಿಕೊಂಡರು.

ಅಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮುಂಗಾರು ಹಿಡಿದ ಮೇಲೆ ನಿಮ್ಮವ್ವ ಕೆಸರಿನಲ್ಲಿ ಹೋಗಿ ಬರುವುದನ್ನು ಊರೆಲ್ಲ ನೋಡಿತು. ಆಗ ಸಣ್ಣಜ್ಜ ಹೊಸ ಮಾತು ಶುರು ಮಾಡಿದರು: "ಮೊದಲನೇ ದಿನಾ ನಾ ಕೊರಡ ಕಟ್ಟಿ ಸೊಕ್ಕ ಮುರದಿದ್ದಕ್ಕ ಹಿಂಗ ಓಡತೈತಿ." ನಂಬುವವರೂ ಇದ್ದಾರೆ! "ಹೇಳ್ಲಿ ಬಿಡ್ರಿ ಅತ್ತೀ, ಹೊಲಾ ನಮ್ಮ ಕಡೇ ಐತಲ್ಲ" ಎನ್ನುತ್ತಾಳೆ ನಿಮ್ಮವ್ವ. ಅವಳಿಗೆ ಬಿಡಲು ಬರುತ್ತದೆ. ನನಗೆ ಬರುವುದಿಲ್ಲ.

ಮೊನ್ನೆ ಕಟ್ಟೆಯ ಮೇಲೆ ಕೂತು ಅದನ್ನೇ ಹೇಳುತ್ತಿದ್ದರು. ನಾನು ಹಿಟ್ಟಿನ ಗಿರಣಿಯಿಂದ ಬುಟ್ಟಿ ಹೊತ್ತು ಬರುತ್ತಿದ್ದೆ. ಆ ಕಟ್ಟೆಯ ಮುಂದೆ ನಾನು ಯಾವತ್ತೂ ನಿಂತವಳಲ್ಲ. ನಿಂತೆ.

"ಸುಟ್ಟಾವ್ರು ನೀವು. ರೂಢಿ ಮಾಡಿದಾಕಿ ಅಕಿ" ಎಂದೆ.

ಕಟ್ಟೆಯ ಮೇಲಿದ್ದವರೆಲ್ಲ ನನ್ನನ್ನೇ ನೋಡಿದರು. ಸಣ್ಣಜ್ಜ, "ವೈನಿಗೆ ಬಿಸಲ ಹತ್ತೈತಿ. ಮನಿಗೆ ನಡೀರಿ ವೈನಿ, ನೀರ ಕುಡೀರಿ" ಎಂದರು.

ನನಗೆ ಬಿಸಿಲು ಹತ್ತಿರಲಿಲ್ಲ, ಮಕ್ಕಳೇ. ಅವತ್ತು ಮೋಡ ಕವಿದಿತ್ತು.